17,000 ಟನ್ ಹಸಿ ಅಡಿಕೆಯ ಹಿಂದಿರುವ ಭೂತಾನ

2022ರ ಅಕ್ಟೋಬರ್. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಆ ವರ್ಷದ ಮೊದಲ ಅಡಿಕೆ ಗೊನೆಯ ಕೊಯ್ಲು ಆಗಿತ್ತು. ಚಪ್ಪರದ ಕೆಳಗೆ ಹಸಿ ಅಡಿಕೆಯ ರಾಶಿ, ಸುತ್ತಲೂ ಮೆಟ್ಟುಗತ್ತಿ ಹಿಡಿದು ಸುಲಿಯಲು ಕುಳಿತ ಹೆಂಗಸರು, ಹಿತ್ತಲ ಹಂಡೆಯಿಂದ ಬರುವ, ಅಡಿಕೆ ಬೇಯಿಸಿದ ಚೊಗರಿನ ವಾಸನೆ. ತೋಟಕ್ಕೆ ಎಲೆಚುಕ್ಕಿ ರೋಗ ಬಂದಿತ್ತು, ಧಾರಣೆ ಇಳಿಯುತ್ತಿತ್ತು. ಅದರ ಮೇಲೆ ಮೊಬೈಲಿನಲ್ಲಿ ಹರಿದಾಡಿದ ಸುದ್ದಿ: ಭೂತಾನದಿಂದ ಅಡಿಕೆ ಬರುತ್ತದಂತೆ. ಸುಲಿಯುತ್ತಿದ್ದ ಒಬ್ಬರು ಕೈ ನಿಲ್ಲಿಸಿ ನನ್ನ ತಾಯಿಯನ್ನು ಕೇಳಿದರು, "ಭೂತಾನ ಎಂದರೆ ಹಿಮ ಬೀಳುವ ಊರಲ್ಲವೇ ಅಮ್ಮ, ಅಲ್ಲಿಗೆ ಅಡಿಕೆ ಎಲ್ಲಿಂದ ಬಂತು?"

ಅಮ್ಮನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹಿಡಿದು ಓದುತ್ತಾ ಹೋದಾಗ ಸಿಕ್ಕಿದ್ದು ಅಡಿಕೆಯ ಕಥೆಗಿಂತ ದೊಡ್ಡದು. ಎಂಟು ಲಕ್ಷವೂ ತುಂಬದ ಜನರ ಒಂದು ದೇಶ ತನ್ನ ಪಕ್ಕದ 140 ಕೋಟಿ ಜನರ ದೇಶದೊಂದಿಗೆ ವ್ಯಾಪಾರ ಮಾಡುವುದು ಎಂದರೆ ಏನು, ದೊಡ್ಡವನು ಸುಮ್ಮನೆ ಮಗ್ಗುಲು ಬದಲಿಸಿದರೂ ಚಿಕ್ಕವನ ಮನೆಯಲ್ಲಿ ಏನೆಲ್ಲಾ ಅಲುಗಾಡುತ್ತದೆ ಎಂಬುದರ ಕಥೆ ಅದು. ದೊಡ್ಡ ದೇಶದ ಒಳಗೇ ಇದ್ದರೂ ದೆಹಲಿಗೆ ದೂರವಾದ ನಮ್ಮಂಥ ಬೆಳೆಗಾರರೂ ಆ ಕಥೆಯಲ್ಲಿ ಭೂತಾನದವರ ಪಕ್ಕದಲ್ಲೇ ನಿಂತಿದ್ದೇವೆ ಎಂಬುದು ನನಗೆ ಆಗ ಹೊಳೆದ ಸಂಗತಿ.

ಮೊದಲು ಅಡಿಕೆಯ ಲೆಕ್ಕ

2022ರ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಅಧಿಸೂಚನೆ ಹೊರಡಿಸಿತು. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು, ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ, ಪಶ್ಚಿಮ ಬಂಗಾಳದ ಜೈಗಾಂವ್ ಗಡಿಯ ಸುಂಕದ ಕಟ್ಟೆಯ ಮೂಲಕ ತರಬಹುದು ಎಂಬುದು ಅದರ ಸಾರ. ಆಗ ಆ ಕನಿಷ್ಠ ಬೆಲೆ ಕಿಲೋಗೆ 251 ರೂಪಾಯಿ ಇತ್ತು. ಅದಕ್ಕಿಂತ ಅಗ್ಗದ ಅಡಿಕೆಯನ್ನು ಬೇರೆ ಯಾವ ದೇಶದಿಂದಲೂ ತರುವಂತಿರಲಿಲ್ಲ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ವಿರೋಧಿಸಿತು, ಮಲೆನಾಡು ಕರಾವಳಿಯ ಬೆಳೆಗಾರರು ಪ್ರತಿಭಟಿಸಿದರು. 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಬೆಲೆಯನ್ನು 351 ರೂಪಾಯಿಗೆ ಏರಿಸಿತು.

ನಮ್ಮ ಕಡೆ ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಉಳಿಯುವ ಕೆಂಪಡಿಕೆ 12–13 ಕಿಲೋ. ಒಳ್ಳೆಯ ವರ್ಷದಲ್ಲಿ 14 ಆಗಬಹುದು. ಆ ಲೆಕ್ಕದಲ್ಲಿ 17,000 ಟನ್ ಹಸಿ ಅಡಿಕೆ ಎಂದರೆ ಮಂಡಿಗೆ ಬರುವ ಮಾಲು ಸುಮಾರು 2,100 ಟನ್. ದೇಶದ ಅಡಿಕೆ ಉತ್ಪಾದನೆ ವರ್ಷಕ್ಕೆ 10 ಲಕ್ಷ ಟನ್ನಿಗೂ ಹೆಚ್ಚು, ಅದರಲ್ಲಿ ಸಿಂಹಪಾಲು ಕರ್ನಾಟಕದ್ದು. ಅಂದರೆ ಸಾವಿರ ಕಿಲೋಗೆ ಎರಡು ಕಿಲೋ. ಇಷ್ಟರಿಂದ ಶಿವಮೊಗ್ಗದ ರಾಶಿ ಅಡಿಕೆಯ ಧಾರಣೆ ಬೀಳುವುದಿಲ್ಲ. ಬಿದ್ದರೆ ಬೇರೆ ಕಾರಣಕ್ಕೆ ಬಿದ್ದಿರುತ್ತದೆ.

ಬೆಳೆಗಾರರ ಭಯಕ್ಕೆ ಆಧಾರ ಇರಲೇ ಇಲ್ಲ ಎಂದಲ್ಲ. ಭಯ ಇದ್ದದ್ದು ಭೂತಾನದ ಅಡಿಕೆಯ ಬಗ್ಗೆ ಅಲ್ಲ, ಭೂತಾನದ ಹೆಸರಿನಲ್ಲಿ ಬರಬಹುದಾದ ಅಡಿಕೆಯ ಬಗ್ಗೆ. ಬರ್ಮಾದಿಂದ ಈಶಾನ್ಯ ರಾಜ್ಯಗಳ ಮೂಲಕ ಕಳ್ಳಸಾಗಣೆಯಾಗುವ ಅಡಿಕೆ, ಇಂಡೋನೇಷ್ಯಾದ ಅಡಿಕೆ, ಶ್ರೀಲಂಕಾದ ಕಾಗದ ಹೊತ್ತು ಬರುವ ಬೇರೆ ದೇಶದ ಅಡಿಕೆ, ಇವೆಲ್ಲ ನಮ್ಮ ವ್ಯಾಪಾರಿಗಳಿಗೆ ಹಳೆಯ ಪರಿಚಯ. ಸುಂಕ ಇಲ್ಲದ ಬಾಗಿಲು ಒಂದು ತೆರೆದರೆ ಅದರಲ್ಲಿ ಯಾರ ಮಾಲು ನುಗ್ಗುತ್ತದೆ ಎಂಬ ಪ್ರಶ್ನೆ ಸಹಜ. ಆದರೆ ಇಲ್ಲಿ ಅನುಮತಿ ಕೊಟ್ಟದ್ದು ಹಸಿ ಅಡಿಕೆಗೆ ಮಾತ್ರ. ಕೊಯ್ದು ನಾಲ್ಕು ದಿನ ಗೋಣಿಯಲ್ಲಿಟ್ಟರೆ ಹಸಿ ಅಡಿಕೆ ಏನಾಗುತ್ತದೆ ಎಂದು ಅಡಿಕೆ ಮನೆಯವರಿಗೆ ಹೇಳಬೇಕಿಲ್ಲ. ಅದನ್ನು ಸಮುದ್ರ ದಾಟಿಸಿ, ಬೆಟ್ಟ ಹತ್ತಿಸಿ, ಭೂತಾನದ ಮುದ್ರೆ ಹಾಕಿಸಿ ಇಳಿಸುವುದು ಕಷ್ಟ. ಹಸಿಯಾಗಿರುವುದೇ ಅದರ ಊರಿಗೆ ಸಾಕ್ಷಿ. ಈ ಒಂದು ಅಂಶವನ್ನು ಸರ್ಕಾರದ ಕಡೆಯವರು ಅಂದೇ ಬೆಳೆಗಾರರ ಸಭೆಯೊಂದರಲ್ಲಿ ಬಿಡಿಸಿ ಹೇಳಿದ್ದರೆ ಅರ್ಧ ಆತಂಕ ಅಲ್ಲೇ ಕರಗುತ್ತಿತ್ತು. ಯಾರೂ ನಮ್ಮ ಕಡೆ ಬಂದು ಹೇಳಲಿಲ್ಲ. ಅಧಿಸೂಚನೆ ಬಂತು, ನಾವು ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಓದಿದೆವು.

ಇನ್ನು ಆ ಹೆಂಗಸು ಕೇಳಿದ ಪ್ರಶ್ನೆ. ಭೂತಾನದ ಉತ್ತರದಲ್ಲಿ ಹಿಮ ಇದೆ, ನಿಜ. ದಕ್ಷಿಣದಲ್ಲಿ, ಅಸ್ಸಾಂ ಮತ್ತು ಬಂಗಾಳದ ಬಯಲಿಗೆ ಅಂಟಿಕೊಂಡಂತೆ, ಸಾಮ್‌ತ್ಸೆ, ಚುಖಾ, ಸರ್ಪಾಂಗ್ ಜಿಲ್ಲೆಗಳ ತಗ್ಗುಗಳಲ್ಲಿ ಮಳೆ ಜೋರು, ಸೆಕೆ ಹೆಚ್ಚು, ಕಾಡಿನ ಅಂಚು ಹತ್ತಿರ. ಅಲ್ಲಿ ಅಡಿಕೆ ಬೆಳೆಯುತ್ತದೆ. ಆನೆ ನುಗ್ಗಿ ತೋಟ ಹಾಳು ಮಾಡುವ ಗೋಳೂ ನಮ್ಮಂತೆಯೇ ಇದೆ. ಭೂತಾನದವರು ವೀಳ್ಯವನ್ನು ಡೋಮಾ ಎನ್ನುತ್ತಾರೆ. ಹಸಿ ಅಡಿಕೆಯನ್ನು ಹುದುಗಿಸಿ, ಮೂಗಿಗೆ ಘಾಟು ಹೊಡೆಯುವ ಹದಕ್ಕೆ ತಂದು, ಎಲೆ ಸುಣ್ಣದೊಂದಿಗೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಮನೆಗೆ ಬಂದವರಿಗೆ ಮೊದಲು ಕೊಡುವುದು ಅದನ್ನೇ. ಎಲೆ ಅಡಿಕೆಯ ತಟ್ಟೆ ಮುಂದಿಟ್ಟ ಮೇಲೆಯೇ ಮಾತು ಶುರುವಾಗುವ ಊರಿನಿಂದ ಬಂದವನಿಗೆ ಆ ದೇಶ ದೂರದ್ದು ಅನ್ನಿಸುವುದಿಲ್ಲ.

ರಸ್ತೆ, ದುಡ್ಡು, ನೀರು

ಭೂತಾನದ ವಿಸ್ತೀರ್ಣ ಕರ್ನಾಟಕದ ಐದನೇ ಒಂದು ಭಾಗ. ಜನಸಂಖ್ಯೆ ಶಿವಮೊಗ್ಗ ಜಿಲ್ಲೆಯ ಅರ್ಧಕ್ಕಿಂತ ಕಡಿಮೆ. ಮೂರು ದಿಕ್ಕಿನಲ್ಲಿ ಭಾರತ, ಉತ್ತರಕ್ಕೆ ಟಿಬೆಟ್. ಉತ್ತರದ ಗಡಿಯಲ್ಲಿ ವ್ಯಾಪಾರ ನಿಂತು ಆರು ದಶಕ ದಾಟಿದೆ. ಹೊರಗಿನ ಯಾವ ದೇಶಕ್ಕೆ ಏನನ್ನು ರಸ್ತೆಯಲ್ಲಿ ಕಳುಹಿಸಬೇಕಾದರೂ ಭಾರತದ ನೆಲದ ಮೇಲೇ ಹೋಗಬೇಕು. ಅದರ ವ್ಯಾಪಾರದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಭಾರತದೊಂದಿಗೇ ನಡೆಯುತ್ತದೆ.

1958ರಲ್ಲಿ ಜವಾಹರಲಾಲ್ ನೆಹರೂ ಭೂತಾನಕ್ಕೆ ಹೋದಾಗ ಅಲ್ಲಿಗೆ ವಾಹನ ಹೋಗುವ ರಸ್ತೆ ಇರಲಿಲ್ಲ. ಕುದುರೆ, ಯಾಕ್‌ಗಳ ಮೇಲೆ ನಾಥು ಲಾ ದಾಟಿ, ಟಿಬೆಟಿನ ಚುಂಬಿ ಕಣಿವೆಯನ್ನು ಬಳಸಿಕೊಂಡು ಅವರು ಹೋದರು. 1961ರಲ್ಲಿ ಭಾರತದ ಗಡಿ ರಸ್ತೆಗಳ ಸಂಸ್ಥೆ ದಂತಕ್ ಯೋಜನೆಯನ್ನು ಆರಂಭಿಸಿ, ಗಡಿಯ ಫುಂಟ್‌ಶೋಲಿಂಗ್‌ನಿಂದ ರಾಜಧಾನಿ ಥಿಂಪುವಿಗೆ ರಸ್ತೆ ಕಡಿಯಿತು. ಅದೇ ವರ್ಷ ಶುರುವಾದ ಭೂತಾನದ ಮೊದಲ ಪಂಚವಾರ್ಷಿಕ ಯೋಜನೆಯ ಪೂರ್ತಿ ಹಣ ಭಾರತದ್ದು. 1972ರಲ್ಲಿ ಎರಡು ದೇಶಗಳ ನಡುವೆ ಮುಕ್ತ ವ್ಯಾಪಾರದ ಒಪ್ಪಂದ ಆಯಿತು. ಆಮೇಲೆ ಹಲವು ಬಾರಿ ನವೀಕರಣಗೊಂಡು, 2016ರಲ್ಲಿ ಸಹಿಯಾದ ಈಗಿನ ರೂಪ 2017ರ ಜುಲೈಯಿಂದ ಜಾರಿಯಲ್ಲಿದೆ. ಎರಡೂ ಕಡೆ ಸುಂಕವಿಲ್ಲ. ಮೂರನೇ ದೇಶಕ್ಕೆ ಹೋಗುವ ಭೂತಾನದ ಮಾಲಿಗೂ ಭಾರತದಲ್ಲಿ ಸುಂಕವಿಲ್ಲ. 1974ರಲ್ಲಿ ಭೂತಾನ ತನ್ನದೇ ನಾಣ್ಯ ನ್ಗುಲ್ಟ್ರಮ್ ತಂದಾಗ ಅದನ್ನು ರೂಪಾಯಿಗೆ ಸಮನಾಗಿ ಕಟ್ಟಿತು. ಇಂದಿಗೂ ಒಂದು ನ್ಗುಲ್ಟ್ರಮ್‌ಗೆ ಒಂದು ರೂಪಾಯಿ, ಥಿಂಪುವಿನ ಅಂಗಡಿಯಲ್ಲಿ ನಮ್ಮ ನೋಟು ನಡೆಯುತ್ತದೆ.

ಇಷ್ಟು ಅನುಕೂಲ ಇದ್ದೂ ಭೂತಾನ ನಮಗೆ ಮಾರುವುದಕ್ಕಿಂತ ನಮ್ಮಿಂದ ಕೊಳ್ಳುವುದೇ ಹೆಚ್ಚು. ಸುಂಕ ತೆಗೆದರೆ ಚಿಕ್ಕ ದೇಶಕ್ಕೆ ದೊಡ್ಡ ಮಾರುಕಟ್ಟೆ ತಾನಾಗಿ ಸಿಗುತ್ತದೆ ಎಂದು ಒಪ್ಪಂದಗಳ ಪರವಾಗಿ ಮಾತಾಡುವವರು ಹೇಳುವುದುಂಟು. ಮಾರುಕಟ್ಟೆ ಇದೆ, ಮಾರಲು ಏನಿದೆ ಎಂಬುದು ಪ್ರಶ್ನೆ. ಅಕ್ಕಿ, ಪೆಟ್ರೋಲು, ಡೀಸೆಲ್, ಬಟ್ಟೆ, ಔಷಧ, ಕಾರು ಕೆಳಗಿನಿಂದ ಮೇಲೆ ಹೋಗುತ್ತವೆ. ಮೇಲಿನಿಂದ ಕೆಳಗೆ ಬರುವುದು ಮುಖ್ಯವಾಗಿ ಒಂದೇ, ವಿದ್ಯುತ್.

ಆ ವಿದ್ಯುತ್ತಿನ ಮೊದಲ ಒಪ್ಪಂದ 1974ರ ಚುಖಾ ಯೋಜನೆಯದ್ದು. 336 ಮೆಗಾವಾಟ್, 1980ರ ದಶಕದ ಕೊನೆಗೆ ಪೂರ್ಣವಾಯಿತು. ವೆಚ್ಚದ ಶೇ 60 ಭಾರತ ಅನುದಾನವಾಗಿ ಕೊಟ್ಟಿತು, ಶೇ 40 ಸಾಲ. ಭೂತಾನದ ಬಳಕೆಗೆ ಮಿಕ್ಕು ಉಳಿದ ವಿದ್ಯುತ್ತನ್ನು ಭಾರತವೇ ಕೊಂಡುಕೊಂಡಿತು. ಭೂತಾನದ ಆಸ್ಪತ್ರೆಗಳಿಗೂ ಶಾಲೆಗಳಿಗೂ ಇಲ್ಲಿಂದ ಬಂದ ಆದಾಯ ಆಧಾರವಾಯಿತು. 2006–07ರಲ್ಲಿ 1,020 ಮೆಗಾವಾಟಿನ ತಾಲಾ ಶುರುವಾದಾಗಲೂ ಪಾಲು ಅದೇ 60–40. ಇಬ್ಬರಿಗೂ ಲಾಭ ಇದ್ದ ವ್ಯವಹಾರ ಅದು.

ಆಮೇಲೆ ಪಾಲು ತಿರುಗಿತು. 720 ಮೆಗಾವಾಟಿನ ಮಾಂಗ್ದೆಛು 2019ರಲ್ಲಿ ಉದ್ಘಾಟನೆಯಾಯಿತು. ಅದರಲ್ಲಿ ಅನುದಾನ ಶೇ 30, ಸಾಲ ಶೇ 70, ಬಡ್ಡಿ ಶೇ 10. ಆ ವಿದ್ಯುತ್ತಿಗೆ ಯೂನಿಟ್‌ಗೆ 4 ರೂಪಾಯಿ 12 ಪೈಸೆ ದರ ನಿಗದಿಯಾಯಿತು. ಚುಖಾ, ತಾಲಾಗಳ ದರಕ್ಕೆ ಹೋಲಿಸಿದರೆ ಇದು ಬಹಳ ಹೆಚ್ಚು. ಯೋಜನೆ ಹೆಚ್ಚುಕಡಿಮೆ ಹೇಳಿದ ವೇಳೆಗೆ ಮುಗಿದರೆ ಶೇ 70ರ ಸಾಲವನ್ನೂ ತೀರಿಸಬಹುದು. ಮುಗಿಯದಿದ್ದರೆ?

ಅದಕ್ಕೆ ಉತ್ತರ ಪುನತ್ಸಾಂಗ್‌ಛು ನದಿಯ ದಂಡೆಯಲ್ಲಿದೆ. 1,200 ಮೆಗಾವಾಟಿನ ಮೊದಲ ಯೋಜನೆಯ ಕೆಲಸ ಶುರುವಾಗಿ ಹದಿನೈದು ವರ್ಷ ದಾಟಿದೆ. 2013ರಲ್ಲಿ ಅಣೆಕಟ್ಟಿನ ಬಲದಂಡೆಯ ಗುಡ್ಡ ಕುಸಿಯಿತು. ಗುಡ್ಡವನ್ನು ನಿಲ್ಲಿಸಲು ಉಕ್ಕು ಸಿಮೆಂಟು ಸುರಿದರೂ ಅದು ಸರಿಯುತ್ತಲೇ ಹೋಯಿತು. ವೆಚ್ಚ ಮೊದಲ ಅಂದಾಜಿನ ಎರಡೂವರೆ ಪಟ್ಟು ದಾಟಿತು. ಅದರ ಕೆಳಗಿನ 1,020 ಮೆಗಾವಾಟಿನ ಎರಡನೇ ಯೋಜನೆ 2010ರಲ್ಲಿ ಶುರುವಾಗಿ 2025ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. 2020ರ ಹೊತ್ತಿಗೆ 10,000 ಮೆಗಾವಾಟ್ ಎಂದು ಎರಡು ದೇಶಗಳೂ ಹೇಳಿದ್ದವು. 2020 ಬಂದಾಗ ಭೂತಾನದಲ್ಲಿದ್ದ ದೊಡ್ಡ ಘಟಕಗಳ ಒಟ್ಟು ಸಾಮರ್ಥ್ಯ ಸುಮಾರು 2,300 ಮೆಗಾವಾಟ್. ಈ ನಡುವೆ ಬಡ್ಡಿ ಬೆಳೆಯುವುದು ನಿಲ್ಲಲಿಲ್ಲ. ಭೂತಾನದ ಹೊರಗಿನ ಸಾಲ ಒಂದು ಹಂತದಲ್ಲಿ ಅದರ ಜಿಡಿಪಿಯನ್ನೂ ಮೀರಿತ್ತು. ಅದರಲ್ಲಿ ಬಹುಪಾಲು ಈ ಜಲವಿದ್ಯುತ್ತಿನದ್ದು, ಭಾರತಕ್ಕೆ ರೂಪಾಯಿಯಲ್ಲಿ ಕೊಡಬೇಕಾದದ್ದು. ಸಾಲ ಕೊಟ್ಟವನೇ ಕೊಳ್ಳುವವನೂ ಆಗಿರುವುದರಿಂದ ಇದು ಮುಳುಗುವ ಸಾಲವಲ್ಲ ಎಂಬ ವಾದ ಸರಿಯಾದದ್ದೇ. ಆದರೆ ಕುಸಿದ ಗುಡ್ಡದ ಬಡ್ಡಿಯನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿಲ್ಲ. ಎರಡು ಸರ್ಕಾರಗಳು ಸೇರಿ ಆಯ್ದ ಜಾಗ ಅದು. ತಪ್ಪಾದರೆ ಇಬ್ಬರೂ ಹೊರಬೇಕು ಎಂಬುದು ನನ್ನ ಅಭಿಪ್ರಾಯ.

ಲಿಂಗನಮಕ್ಕಿ ಇಲ್ಲದ ದೇಶ

ಶರಾವತಿ ಸೀಮೆಯವರಿಗೆ ಭೂತಾನದ ಇನ್ನೊಂದು ಕಷ್ಟವನ್ನು ಸುಲಭವಾಗಿ ಹೇಳಬಹುದು. ಮಳೆಗಾಲದಲ್ಲಿ ಬಂದ ನೀರನ್ನು ಲಿಂಗನಮಕ್ಕಿ ಹಿಡಿದಿಡುತ್ತದೆ. ಏಪ್ರಿಲ್‌ನಲ್ಲಿ ಬೇಕಾದಾಗ ಅದೇ ನೀರು ಟರ್ಬೈನಿಗೆ ಬೀಳುತ್ತದೆ. ಭೂತಾನದ ಘಟಕಗಳು ಹಾಗಲ್ಲ. ಹರಿಯುವ ನದಿಯನ್ನು ಸುರಂಗಕ್ಕೆ ತಿರುಗಿಸಿ, ಕೆಳಗೆ ಬೀಳಿಸಿ, ಮತ್ತೆ ನದಿಗೆ ಬಿಡುತ್ತವೆ. ನೀರನ್ನು ಕೂಡಿಡುವ ವ್ಯವಸ್ಥೆ ಇಲ್ಲ. ಬೇಸಿಗೆಯಲ್ಲಿ ಹಿಮ ಕರಗಿ, ಮಳೆ ಸುರಿದು ನದಿ ತುಂಬಿದಾಗ ವಿದ್ಯುತ್ ಹೇರಳ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನದಿ ಬಡವಾದಾಗ ಉತ್ಪಾದನೆ ಸಾಮರ್ಥ್ಯದ ಒಂದು ಸಣ್ಣ ಪಾಲಿಗೆ ಇಳಿಯುತ್ತದೆ. ಮನೆಗಳಲ್ಲಿ ಹೀಟರ್ ಉರಿಯುವ ಕಾಲವೂ ಅದೇ. ಆಗ ಭೂತಾನ ನಮ್ಮ ವಿದ್ಯುತ್ ವಿನಿಮಯ ಮಾರುಕಟ್ಟೆಯಿಂದ ಕೊಳ್ಳುತ್ತದೆ. ಬೇಸಿಗೆಯಲ್ಲಿ ಒಪ್ಪಂದದ ದರಕ್ಕೆ ಮಾರಿ ಚಳಿಗಾಲದಲ್ಲಿ ಮಾರುಕಟ್ಟೆ ದರಕ್ಕೆ ಕೊಳ್ಳುವುದು, ಸುಗ್ಗಿಯಲ್ಲಿ ಭತ್ತ ಮಾರಿ ಆಷಾಢದಲ್ಲಿ ಅಕ್ಕಿ ಕೊಳ್ಳುವ ರೈತನ ಸ್ಥಿತಿ.

ನೀರು ಕೂಡಿಡುವ ಸಂಕೋಶ್ ಯೋಜನೆಯ ಮಾತು ದಶಕಗಳಿಂದ ನಡೆದಿದೆ, ಕೆಲಸ ನಡೆದಿಲ್ಲ. ದೊಡ್ಡ ಜಲಾಶಯ ಎಂದರೆ ಏನೇನು ಮುಳುಗುತ್ತದೆ ಎಂಬುದು ಶರಾವತಿ ಹಿನ್ನೀರಿನಿಂದ ಎದ್ದು ಬಂದ ಕುಟುಂಬಗಳಿಗೆ ಗೊತ್ತು. ಆರು ದಶಕದ ನಂತರವೂ ಭೂಮಿಯ ಹಕ್ಕಿಗೆ ಅಲೆಯುತ್ತಿರುವವರು ನಮ್ಮಲ್ಲಿದ್ದಾರೆ. ಹಾಗಾಗಿ ಭೂತಾನ ಈ ವಿಷಯದಲ್ಲಿ ಆತುರಪಡದೆ ಇರುವುದನ್ನು ನಾನು ತಪ್ಪೆನ್ನಲಾರೆ.

ದೊಡ್ಡವನು ಮಗ್ಗುಲು ಬದಲಿಸಿದಾಗ

2011–12ರಲ್ಲಿ ಭೂತಾನದ ಬ್ಯಾಂಕುಗಳಲ್ಲಿ ರೂಪಾಯಿ ಬರಿದಾಯಿತು. ಜಲವಿದ್ಯುತ್ ಯೋಜನೆಗಳಿಂದ ಹಣದ ಓಡಾಟ ಹೆಚ್ಚಿತ್ತು. ಜನ ಮನೆ ಕಟ್ಟಿದರು, ಕಾರು ಕೊಂಡರು. ಕಂಬಿ, ಸಿಮೆಂಟು, ಕಾರು, ಕೂಲಿ ಎಲ್ಲವೂ ಭಾರತದಿಂದ, ಎಲ್ಲದಕ್ಕೂ ರೂಪಾಯಿಯೇ ಬೇಕು. ನ್ಗುಲ್ಟ್ರಮನ್ನು ಥಿಂಪುವಿನಲ್ಲಿ ಅಚ್ಚು ಹಾಕಬಹುದು, ರೂಪಾಯಿಯನ್ನು ಹಾಗೆ ಹಾಕಲಾಗದು. ಅಲ್ಲಿನ ಕೇಂದ್ರ ಬ್ಯಾಂಕ್ ತನ್ನ ಮೀಸಲಿನಿಂದ 20 ಕೋಟಿ ಡಾಲರ್ ಮಾರಿ ರೂಪಾಯಿ ಸಾಲ ತೀರಿಸಿತು. ವಾಹನಕ್ಕೂ ಮನೆಗೂ ಬ್ಯಾಂಕ್ ಸಾಲ ನಿಂತಿತು. ಹತ್ತು ವರ್ಷದ ಮೇಲೆ, 2022ರ ಆಗಸ್ಟ್‌ನಲ್ಲಿ, ಮೀಸಲು ಕರಗುತ್ತಿದ್ದಾಗ ಭೂತಾನ ಮತ್ತೆ ಹೆಚ್ಚಿನ ವಾಹನಗಳ ಆಮದನ್ನೇ ನಿಷೇಧಿಸಿತು. ಕನಿಷ್ಠ ಹನ್ನೆರಡು ತಿಂಗಳ ಅಗತ್ಯ ಆಮದಿಗೆ ಸಾಕಾಗುವಷ್ಟು ವಿದೇಶಿ ಮೀಸಲು ಇರಲೇಬೇಕು ಎಂದು ಸಂವಿಧಾನದಲ್ಲೇ ಬರೆದುಕೊಂಡ ದೇಶ ಅದು. ಆ ಸಾಲನ್ನು ಬರೆಯುವಾಗ ಅವರ ಮನಸ್ಸಿನಲ್ಲಿ ಎಂಥ ಅಂಜಿಕೆ ಇದ್ದಿರಬೇಕು ಎಂದು ಯೋಚಿಸಿದ್ದೇನೆ.

2013ರ ಜುಲೈ ಇದಕ್ಕಿಂತ ಕಹಿಯಾದದ್ದು. ಭೂತಾನದ ಸಂಸತ್ತಿನ ಅಂತಿಮ ಸುತ್ತಿನ ಮತದಾನಕ್ಕೆ ಎರಡು ವಾರವೂ ಇರಲಿಲ್ಲ. ಅಡುಗೆ ಅನಿಲ ಮತ್ತು ಸೀಮೆಎಣ್ಣೆಗೆ ಭಾರತ ಕೊಡುತ್ತಿದ್ದ ಸಬ್ಸಿಡಿ ತಿಂಗಳ ಮೊದಲ ದಿನವೇ ನಿಂತುಹೋಯಿತು. ಸಿಲಿಂಡರಿನ ಬೆಲೆ ಎರಡರಷ್ಟು ದಾಟಿತು. ಹಿಂದಿನ ವರ್ಷ ಅಲ್ಲಿನ ಪ್ರಧಾನಿ ಜಿಗ್ಮೆ ಥಿನ್ಲೆ ಚೀನಾದ ಪ್ರಧಾನಿಯನ್ನು ರಿಯೋದಲ್ಲಿ ಭೇಟಿಯಾಗಿದ್ದರು. ಅದಕ್ಕೆ ಇದು ಶಿಕ್ಷೆ ಎಂದು ಹಲವರು ಓದಿಕೊಂಡರು. ಹಿಂದಿನ ಪಂಚವಾರ್ಷಿಕ ಯೋಜನೆಯ ಅವಧಿ ಜೂನ್ 30ಕ್ಕೆ ಮುಗಿದದ್ದರಿಂದ ಹೀಗಾಯಿತು ಎಂಬುದು ದೆಹಲಿಯ ವಿವರಣೆ. ಆಳುವ ಪಕ್ಷ ಸೋತಿತು. ಆಗಸ್ಟ್‌ನಲ್ಲಿ ಸಬ್ಸಿಡಿ ಮರಳಿತು. ಕಾರಣ ರಾಜಕೀಯದ್ದಾಗಿರಲಿ, ಕಡತದ್ದಾಗಿರಲಿ, ಥಿಂಪುವಿನ ಗೃಹಿಣಿಗೆ ಕಂಡದ್ದು ಒಂದೇ: ತನ್ನ ಒಲೆಯ ಕೀಲಿ ಇನ್ನೊಂದು ದೇಶದ ಕೈಯಲ್ಲಿದೆ. ಭಾರತದ ಹಿತದೃಷ್ಟಿಯಿಂದ ನೋಡಿದರೂ ಇದಕ್ಕಿಂತ ದುಬಾರಿಯಾದ ಉಳಿತಾಯ ಇರಲಾರದು.

ದುರುದ್ದೇಶವೇ ಇಲ್ಲದ ಉದಾಹರಣೆಯೂ ಇದೆ. ಭೂತಾನಕ್ಕೆ ಹೋಗುವ ಮಾಲಿನ ಮೇಲೆ ಭಾರತದಲ್ಲಿ ಕಟ್ಟಿದ ಅಬಕಾರಿ ಸುಂಕವನ್ನು ಭಾರತ ಸರ್ಕಾರ ಭೂತಾನ ಸರ್ಕಾರಕ್ಕೆ ಮರಳಿಸುತ್ತಿತ್ತು. ಅವರ ಬಜೆಟ್ಟಿನಲ್ಲಿ ಅದು ಎಣಿಸುವಂಥ ಮೊತ್ತ. 2017ರಲ್ಲಿ ನಮ್ಮಲ್ಲಿ ಜಿಎಸ್‌ಟಿ ಬಂತು, ರಫ್ತಿನ ಮೇಲೆ ತೆರಿಗೆಯೇ ಇಲ್ಲವಾಯಿತು, ಮರಳಿಸುವ ಪ್ರಶ್ನೆಯೂ ಹೋಯಿತು. ಭೂತಾನದ ಗ್ರಾಹಕನಿಗೆ ಮಾಲು ಅಗ್ಗವಾಯಿತು, ಖಜಾನೆಗೆ ಆದಾಯ ತಪ್ಪಿತು, ಅಲ್ಲಿನ ಮಾಲು ಇಲ್ಲಿಗೆ ಬರುವಾಗ ತೆರಿಗೆ ಬಿತ್ತು. ಜಿಎಸ್‌ಟಿ ಬಗ್ಗೆ ನಮ್ಮಲ್ಲಿ ನಡೆದ ವರ್ಷಗಟ್ಟಲೆ ಚರ್ಚೆಯಲ್ಲಿ ಭೂತಾನದ ಹೆಸರು ನಾನು ಒಮ್ಮೆಯೂ ಕೇಳಿದ ನೆನಪಿಲ್ಲ.

ಮಾಡಿದ್ದು ಅತ್ತ ಕಡೆಯವರಾದರೂ ಪೆಟ್ಟು ಇತ್ತ ಬೀಳಬಹುದು. ಕೋವಿಡ್ ಬಂದಾಗ, 2020ರ ಮಾರ್ಚ್‌ನಲ್ಲಿ, ಭೂತಾನ ಗಡಿ ಮುಚ್ಚಿತು. ತೆರೆದದ್ದು 2022ರ ಸೆಪ್ಟೆಂಬರ್ 23ಕ್ಕೆ. ಫುಂಟ್‌ಶೋಲಿಂಗ್ ಮತ್ತು ಜೈಗಾಂವ್ ನಡುವೆ ಇರುವುದು ಬಣ್ಣದ ಕೆತ್ತನೆಯ ಒಂದು ದ್ವಾರ. ಅದರ ಈಚೆ ಗಲಾಟೆಯ ಪೇಟೆ, ಆಚೆ ತೊಳೆದಿಟ್ಟಂಥ ಬೀದಿ. ಭೂತಾನದ ಗಿರಾಕಿಗಳನ್ನೇ ನಂಬಿದ್ದ ಜೈಗಾಂವ್‌ನ ಅಂಗಡಿಗಳು ಎರಡೂವರೆ ವರ್ಷ ಖಾಲಿ ಕುಳಿತವು. ಆಚೆ ಕೂಲಿಗೆ ಹೋಗುತ್ತಿದ್ದವರು ಬೇರೆ ಊರು ಹಿಡಿದರು. ಸಣ್ಣ ದೇಶದ ಒಂದು ನಿರ್ಧಾರ ದೊಡ್ಡ ದೇಶದ ಒಂದು ಇಡೀ ಪೇಟೆಯನ್ನು ಬಡವಾಗಿಸಬಲ್ಲದು. ಆ ಪೇಟೆ ದೆಹಲಿಯಿಂದ ದೂರವಿದ್ದರೆ ಅದರ ಕೂಗು ಕೇಳುವುದಿಲ್ಲ ಅಷ್ಟೆ.

ಈಗ ಬದಲಾಗುತ್ತಿರುವುದು

ಒಂದೇ ಮಾಲು, ಒಬ್ಬನೇ ಗಿರಾಕಿ ಎಂಬ ಸ್ಥಿತಿಯಿಂದ ಹೊರಬರಲು ಭೂತಾನ ಮಾಡುತ್ತಿರುವ ಪ್ರಯತ್ನ ಸಣ್ಣದಲ್ಲ. ಫುಂಟ್‌ಶೋಲಿಂಗ್ ಪಕ್ಕದ ಪಸಾಖಾದಲ್ಲಿ ಫೆರೋಸಿಲಿಕಾನ್ ಕುಲುಮೆಗಳಿವೆ. ಉಕ್ಕಿನ ತಯಾರಿಕೆಗೆ ಬೇಕಾದ ಈ ಮಿಶ್ರಲೋಹಕ್ಕೆ ಅಪಾರ ವಿದ್ಯುತ್ ಬೇಕು. ವಿದ್ಯುತ್ತನ್ನು ತಂತಿಯಲ್ಲಿ ಮಾರುವ ಬದಲು ಲೋಹವಾಗಿಸಿ ಲಾರಿಯಲ್ಲಿ ಕಳುಹಿಸುವ ಉಪಾಯ ಇದು, ಅದರ ದೊಡ್ಡ ಗಿರಾಕಿಯೂ ಭಾರತವೇ. ಸರ್ಕಾರದ ಹೂಡಿಕೆ ಸಂಸ್ಥೆ ಬೇಸಿಗೆಯ ಹೆಚ್ಚುವರಿ ವಿದ್ಯುತ್ತಿನಿಂದ ಕಂಪ್ಯೂಟರುಗಳನ್ನು ಓಡಿಸಿ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣದ ಗಣಿಗಾರಿಕೆಯನ್ನೂ ಮಾಡಿದೆ. ನನಗೆ ಅದರ ಮೇಲೆ ಭರವಸೆ ಕಡಿಮೆ, ಆದರೆ ಆ ಹಸಿವು ಅರ್ಥವಾಗುತ್ತದೆ. 2020ರ ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದೊಂದಿಗೆ ಆದ್ಯತಾ ವ್ಯಾಪಾರದ ಒಪ್ಪಂದಕ್ಕೆ ಸಹಿ ಬಿತ್ತು. ಆದರೆ ಭೂತಾನದ ಕಿತ್ತಳೆ, ಕಲ್ಲು ಢಾಕಾ ಮುಟ್ಟಬೇಕಾದರೂ ಭಾರತದ ರಸ್ತೆಯೇ ಬೇಕು. ಇನ್ನೊಬ್ಬ ಗಿರಾಕಿಯನ್ನು ಹುಡುಕಿಕೊಂಡ ಮೇಲೂ ಮೊದಲ ಗಿರಾಕಿಯ ಅಂಗಳವನ್ನೇ ದಾಟಿ ಹೋಗಬೇಕಾದ ಭೂಗೋಳ.

ಹೂಡಿಕೆಯ ಬಗೆಯೂ ಬದಲಾಗಿದೆ. ಹಿಂದೆ ಸರ್ಕಾರದಿಂದ ಸರ್ಕಾರಕ್ಕೆ. ಈಗ 600 ಮೆಗಾವಾಟಿನ ಖೋಲೊಂಗ್‌ಛು, 1,125 ಮೆಗಾವಾಟಿನ ದೋರ್ಜಿಲುಂಗ್ ಯೋಜನೆಗಳಲ್ಲಿ ಟಾಟಾ ಪವರ್ ಭೂತಾನದ ಡ್ರುಕ್ ಗ್ರೀನ್ ಪವರ್ ನಿಗಮಕ್ಕೆ ಪಾಲುದಾರ. 570 ಮೆಗಾವಾಟಿನ ವಾಂಗ್‌ಛುವಿಗೆ ಅದಾನಿ ಸಮೂಹ ಬಂದಿದೆ. ಎಲ್ಲದರಲ್ಲೂ ಹೆಚ್ಚಿನ ಪಾಲು ಭೂತಾನದ ನಿಗಮದ ಕೈಯಲ್ಲೇ ಉಳಿದಿದೆ, ಅದು ಒಳ್ಳೆಯದು. ಕಂಪನಿಗಳು ಬೇಗ ಕಟ್ಟುತ್ತವೆ ಎಂಬ ನಿರೀಕ್ಷೆ ಇದೆ. ಅಂಥ ಕಂಪನಿಗಳು ಅನುದಾನ ಕೊಡುವುದಿಲ್ಲ, ರಾಜತಾಂತ್ರಿಕ ಕಾರಣಕ್ಕೆ ಬಡ್ಡಿ ಮನ್ನಾ ಮಾಡುವುದೂ ಇಲ್ಲ. ಗುಡ್ಡ ಕುಸಿದರೆ ನಷ್ಟ ಯಾರದ್ದು ಎಂಬುದನ್ನು ಒಪ್ಪಂದದ ಯಾವ ಸಾಲು ಹೇಳುತ್ತದೆ ಎಂದು ಸಹಿಗೆ ಮೊದಲೇ ಕೇಳಬೇಕಾದ ಕಾಲ ಇದು.

ಎಲ್ಲಕ್ಕಿಂತ ದೊಡ್ಡ ಹೆಜ್ಜೆ ದಕ್ಷಿಣದ ಗಡಿ ಪಟ್ಟಣ ಗೆಲೆಫುವಿನದ್ದು. 2023ರ ಡಿಸೆಂಬರ್‌ನಲ್ಲಿ ದೊರೆ ಜಿಗ್ಮೆ ಖೇಸರ್ ನಾಮ್‌ಗ್ಯೆಲ್ ವಾಂಗ್‌ಚುಕ್ ಅಲ್ಲಿ ಒಂದು ವಿಶೇಷ ಆಡಳಿತ ನಗರವನ್ನು ಘೋಷಿಸಿದರು. ಅದೇ ತಿಂಗಳು ಭೂತಾನ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂದಿತ್ತು. ಅದೇ ಹೊತ್ತಿನಲ್ಲಿ ಓದಿದ ಹುಡುಗ ಹುಡುಗಿಯರು ದೊಡ್ಡ ಸಂಖ್ಯೆಯಲ್ಲಿ ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದರು. ಮಕ್ಕಳೆಲ್ಲ ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ವಯಸ್ಸಾದವರಿಬ್ಬರೇ ಉಳಿದಿರುವುದನ್ನು ದಿನವೂ ನೋಡುವ ಮಲೆನಾಡಿಗರಿಗೆ ಆ ಸಂಕಟವನ್ನು ವಿವರಿಸಬೇಕಿಲ್ಲ. ಹೋದವರನ್ನು ಕರೆತರುವ ಕೆಲಸಗಳನ್ನು ದಕ್ಷಿಣದ ಬಯಲಿನಲ್ಲಿ ಹುಟ್ಟಿಸುವುದು ದೊರೆಯ ಕನಸು.

ಆ ಕನಸಿಗೆ ಭಾರತ ಕೊಟ್ಟ ಕೈ ರೈಲು. 2025ರ ಸೆಪ್ಟೆಂಬರ್‌ನಲ್ಲಿ ಎರಡು ಮಾರ್ಗಗಳ ಘೋಷಣೆಯಾಯಿತು. ಅಸ್ಸಾಮಿನ ಕೊಕ್ರಝಾರ್‌ನಿಂದ ಗೆಲೆಫುವಿಗೆ 69 ಕಿಲೋಮೀಟರ್, ಬಂಗಾಳದ ಬನಾರ್‌ಹಾಟ್‌ನಿಂದ ಸಾಮ್‌ತ್ಸೆಗೆ 20 ಕಿಲೋಮೀಟರ್. ಎರಡಕ್ಕೂ ಸೇರಿ ಸುಮಾರು 4,033 ಕೋಟಿ ರೂಪಾಯಿ. ಭೂತಾನದ ನೆಲದ ಮೇಲೆ ಇದುವರೆಗೆ ಒಂದು ಅಡಿ ಹಳಿಯೂ ಇಲ್ಲ. 2024ರಿಂದ 2029ರವರೆಗಿನ ಭೂತಾನದ ಹದಿಮೂರನೇ ಪಂಚವಾರ್ಷಿಕ ಯೋಜನೆಗೆ ಭಾರತ 10,000 ಕೋಟಿ ರೂಪಾಯಿ ನೆರವು ಘೋಷಿಸಿದೆ. ಹಿಂದಿನ ಯೋಜನೆಗೆ ಕೊಟ್ಟದ್ದು 4,500 ಕೋಟಿ. ಉತ್ತರದಲ್ಲಿ ಚೀನಾ ಇರುವುದು ಈ ಔದಾರ್ಯಕ್ಕೆ ಒಂದು ಕಾರಣ, ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಆದರೂ ನನ್ನ ಲೆಕ್ಕದಲ್ಲಿ ಇಷ್ಟು ವರ್ಷಗಳ ಅಣೆಕಟ್ಟುಗಳಿಗಿಂತ ಆ 69 ಕಿಲೋಮೀಟರ್ ಹಳಿ ಸಾಮಾನ್ಯ ಭೂತಾನಿಗೆ ಹೆಚ್ಚು ಕೊಡಬಲ್ಲದು. ಅಣೆಕಟ್ಟಿನ ಹಣ ಮೊದಲು ಖಜಾನೆಗೆ ಹೋಗಿ, ಅಲ್ಲಿಂದ ಜನರಿಗೆ ಇಳಿಯಬೇಕು. ರೈಲಿಗೆ ಮೂಟೆ ಹೊತ್ತು ತಂದವನ ಕೈಗೆ ಹಣ ನೇರವಾಗಿ ಬರುತ್ತದೆ. ಆಲೂಗಡ್ಡೆ, ಶುಂಠಿ, ಏಲಕ್ಕಿ ಬೆಳೆಯುವ ಮನೆಗಳು ಅಲ್ಲಿ ಸಾವಿರಾರು ಇವೆ.

ಅಡಿಕೆ ಬೆಳೆಯುವ ಮನೆಗಳೂ ಇವೆ. ಸಾಮ್‌ತ್ಸೆ ಇರುವುದು ಅಡಿಕೆ ಸೀಮೆಯಲ್ಲಿ, ಗೆಲೆಫು ಇರುವುದು ಸರ್ಪಾಂಗ್ ಜಿಲ್ಲೆಯಲ್ಲಿ. ರೈಲು ಬಂದ ಮೇಲೆ 17,000 ಟನ್ನಿನ ಮಿತಿಯನ್ನು ಏರಿಸಿ ಎಂಬ ಕೋರಿಕೆ ಇಂದಲ್ಲ ನಾಳೆ ಬರುತ್ತದೆ, ಬರುವುದು ನ್ಯಾಯವೂ ಹೌದು. ಆಗ ನಮ್ಮ ಸಹಕಾರಿ ಸಂಘಗಳು ಬರೀ ಬೇಡ ಎಂದು ಕೂಗಿದರೆ ಸಾಲದು. ಪ್ರತಿ ತಿಂಗಳು ಎಷ್ಟು ಟನ್ ಬಂತು, ಯಾರ ಹೆಸರಿಗೆ ಬಂತು, ಹಸಿಯೇ ಬಂತೇ ಎಂಬ ವಿವರವನ್ನು ಸುಂಕದ ಕಟ್ಟೆ ಬಹಿರಂಗಪಡಿಸಬೇಕೆಂದು ಕೇಳಬೇಕು. ಬದಲಾವಣೆ ಏನೇ ಇದ್ದರೂ ಕೊಯ್ಲಿಗೆ ಆರು ತಿಂಗಳು ಮೊದಲೇ ತಿಳಿಸಬೇಕೆಂದು ಕೇಳಬೇಕು. ಸಾಮ್‌ತ್ಸೆಯ ಬೆಳೆಗಾರನಿಗೂ ಬೇಕಾದದ್ದು ಇದೇ. ಈ ವರ್ಷ ತೆರೆದ ಬಾಗಿಲು ಮುಂದಿನ ವರ್ಷ ತೆರೆದಿರುತ್ತದೆಯೇ ಎಂದು ತಿಳಿಯದೆ ಯಾರೂ ಹೊಸ ಸಸಿ ನೆಡಲಾರರು. ಅಡಿಕೆ ಸಸಿ ಫಲ ಕೊಡಲು ಆರೇಳು ವರ್ಷ ಬೇಕು, ಅಲ್ಲಿಯೂ ಇಲ್ಲಿಯೂ.